ಬಾಯಿ ಸುಟ್ಟಿತು ಎನ್ನುವ ನಾಲಿಗೆ

ಕೇಳುಗರಿಗೆ ನಮಸ್ಕಾರ.

ಸುಗ್ಗಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಗೊತ್ತು: ಚೀಲ ಬಿಚ್ಚಿ ರಾಶಿ ಸುರಿಯುವಷ್ಟರಲ್ಲಿ ಘಾಟಿಗೆ ಸೀನು ಶುರು. ಬ್ಯಾಡಗಿ ಡಬ್ಬಿ ಎಂಬ ತಳಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ರೊಟ್ಟಿಯ ಜೊತೆ ಕೆಂಪು ಚಟ್ನಿ ತುಸು ಹೆಚ್ಚಾದರೆ ಬಾಯಿ ಸುಟ್ಟಿತೆಂದು ನೀರಿಗೆ ಕೈ ಹಾಕುತ್ತೇವೆ. ಆಗ ಥರ್ಮಾಮೀಟರ್ ಇಟ್ಟು ನೋಡಿ, ಸುಡುವಷ್ಟು ಬಿಸಿ ಅಲ್ಲಿರುವುದಿಲ್ಲ.

ನಮ್ಮ ನರಗಳ ತುದಿಯಲ್ಲಿ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದರೆ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ತಗುಲಿದರೂ ಅದೇ ಸುದ್ದಿ. 1997ರಲ್ಲಿ ಈ ಪ್ರೋಟೀನನ್ನು ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಹಕ್ಕಿಗಳಿಗೆ ಈ ಖಾರ ನಾಟುವುದಿಲ್ಲ. ಅವು ಹಣ್ಣು ತಿಂದು ಬೀಜವನ್ನು ದೂರ ಒಯ್ದು ಹಾಕುತ್ತವೆ. ಬೀಜವನ್ನೇ ಅಗಿದು ಪುಡಿ ಮಾಡುವ ಇಲಿಯಂಥ ಪ್ರಾಣಿಗಳು ಹತ್ತಿರ ಸುಳಿಯುವುದಿಲ್ಲ. ಗಿಡಕ್ಕೆ ಬೇಕಾದದ್ದು ಸಂತತಿ; ಇಲಿಯ ನಾಲಿಗೆ ನಿಜ ಹೇಳಿತೋ ಇಲ್ಲವೋ ಅದಕ್ಕೇನು?

ವಿಕಾಸ ನಮಗೆ ಕೊಟ್ಟದ್ದು ಬದುಕುವ ಬುದ್ಧಿ. ಅದು ಸತ್ಯ ತಿಳಿಯುವ ಬುದ್ಧಿಯೂ ಹೌದೇ? ಡಾರ್ವಿನ್ ಅವರನ್ನೇ ಈ ಪ್ರಶ್ನೆ ಕಾಡಿತ್ತು. ಕೀಳು ಪ್ರಾಣಿಗಳ ಮನಸ್ಸಿನಿಂದ ಬೆಳೆದುಬಂದ ಮನುಷ್ಯನ ಮನಸ್ಸಿನ ನಂಬಿಕೆಗಳಿಗೆ ಬೆಲೆ ಉಂಟೇ ಎಂದು 1881ರಲ್ಲಿ ಲೇಖಕ ವಿಲಿಯಂ ಗ್ರಹಾಂ ಅವರಿಗೆ ಬರೆದ ಪತ್ರದಲ್ಲಿ ಅಳುಕಿದ್ದರು. ಅಮೆರಿಕದ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಅದನ್ನು ವಾದವಾಗಿಯೇ ಬೆಳೆಸಿದರು: ನಿಸರ್ಗದಾಚೆ ಏನೂ ಇಲ್ಲವೆನ್ನುವ ವಿಕಾಸವಾದಿ ತನ್ನ ಬುದ್ಧಿಯನ್ನು ಯಾವ ಭರವಸೆಯ ಮೇಲೆ ನಂಬುತ್ತಾನೆ? ಕೂತ ಕೊಂಬೆಯನ್ನೇ ಕಡಿದಂತಾಗಲಿಲ್ಲವೇ?

ವಾದ ಚುರುಕಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ನಾಲಿಗೆಯ ಮೋಸವನ್ನು ಪತ್ತೆ ಹಚ್ಚಿದವರಿಗೂ ಅಂಥದೇ ನಾಲಿಗೆ ಇತ್ತು. ಕಣ್ಣು, ಥರ್ಮಾಮೀಟರ್, ಪಕ್ಕದವರ ತಕರಾರು, ಒಂದೊಂದೂ ತಪ್ಪುವುದು ಒಂದೊಂದು ರೀತಿಯಲ್ಲಿ. ಇವೆಲ್ಲ ಒಂದೇ ಉತ್ತರಕ್ಕೆ ಬಂದು ನಿಂತರೆ ಅದನ್ನು ಬರೀ ಕಾಕತಾಳೀಯ ಎಂದು ತಳ್ಳಿಹಾಕಲಾರೆ.

ಹಾಗೆಂದು ಎಲ್ಲ ಕಡೆಗೂ ಒಂದೇ ನಂಬಿಕೆ ಸಲ್ಲದು. ಹಳ್ಳದ ಅಗಲವನ್ನು ತಪ್ಪಾಗಿ ಅಂದಾಜಿಸಿದ ಪೂರ್ವಜನಿಗೆ ಪ್ರಾಣವೇ ಹೋಗುತ್ತಿತ್ತು. ಅಲ್ಲಿ ಕಣ್ಣಳತೆ ಪಳಗಿದೆ. ಆದರೆ ಗದಗ ಸೀಮೆಯ ಕಪ್ಪತಗುಡ್ಡದ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅಷ್ಟು ಕಾಲವನ್ನು ಅಳೆಯುವ ಪ್ರಸಂಗ ಯಾವ ಪೂರ್ವಜನಿಗೂ ಬಂದಿರಲಿಲ್ಲ. ಅಂಥ ಕಡೆ ನನ್ನ ಅನಿಸಿಕೆಯನ್ನು ಬದಿಗಿಟ್ಟು, ಶಿಲೆಯ ಹರಳಿನೊಳಗೆ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುವ ಲೆಕ್ಕವನ್ನೇ ಕೇಳುತ್ತೇನೆ.

ನಮಸ್ಕಾರ.