ಕ್ಯಾಂಪರ್ ಕಪಾಟಿನ ಅಂಚಿನ ಪಟ್ಟಿ ಕಿತ್ತು ಬರ್ತಿದೆಯಾ? ಗಮ್ ಹಚ್ಚುವ ಮೊದಲು ಇದನ್ನು ನೋಡಿ

[ಕ್ಯಾಮೆರಾ ಕಪಾಟಿನ ಬಾಗಿಲಿನ ಕೆಳಮೂಲೆಗೆ ಹತ್ತಿರ]

ನಮಸ್ಕಾರ. ಇಲ್ಲಿ ನೋಡ್ರಿ, ಬಾಗಿಲಿನ ಮೂಲೆಯಲ್ಲಿ ಎಡ್ಜ್ ಬ್ಯಾಂಡ್, ಅಂದ್ರೆ ಹಲಗೆಯ ಅಂಚಿಗೆ ಅಂಟಿಸಿದ ಪಿವಿಸಿ ಪ್ಲಾಸ್ಟಿಕ್ ಪಟ್ಟಿ, ಎದ್ದಿದೆ. ಉಗುರು ಹಾಕಿ ಎಳೆದರೆ ಇನ್ನೊಂದು ಗೇಣು ಸಲೀಸಾಗಿ ಬರುತ್ತದೆ. ಟೆಂಪೋ ಟ್ರಾವೆಲರ್‌ ಗಾಡಿಯನ್ನು ಕ್ಯಾಂಪರ್, ಅಂದ್ರೆ ಒಳಗೇ ಉಳಿದುಕೊಳ್ಳುವ ಗಾಡಿ, ಮಾಡಿಸಿಕೊಂಡವರಿಗೆ, ಟ್ರೇಲರ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ತಲೆನೋವೇ. ನಮ್ಮ ಕಲಬುರಗಿ ಬಿಸಿಲಿಗಂತೂ ಇನ್ನೂ ಬೇಗ ಬರುತ್ತದೆ.

ಯಾಕೆ ಅಂದ್ರೆ, ಮೇ ತಿಂಗಳಲ್ಲಿ ಇಲ್ಲಿ ಹೊರಗೇ 42 ಡಿಗ್ರಿ ಇರುತ್ತದೆ. ಕಿಟಕಿ ಮುಚ್ಚಿ ಬಯಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ 60 ಮುಟ್ಟಬಹುದು. ಫ್ಯಾಕ್ಟರಿಯಲ್ಲಿ ಪಟ್ಟಿಯನ್ನು ಸಾಮಾನ್ಯವಾಗಿ ಹಾಟ್ ಮೆಲ್ಟ್ ಗಮ್‌ನಿಂದ ಅಂಟಿಸುತ್ತಾರೆ, ಅದು ಕಾದರೆ ಕರಗುತ್ತದೆ, ತಣ್ಣಗಾದರೆ ಬಿಗಿಯುತ್ತದೆ. ಆ ಕಾವಿಗೆ ಪೂರ್ತಿ ಕರಗದಿದ್ದರೂ ಮೆತ್ತಗಾಗುತ್ತದೆ. ಅದೇ ಹೊತ್ತಿಗೆ ಪಿವಿಸಿ ಪಟ್ಟಿ ಹಿಗ್ಗಲು ನೋಡುತ್ತದೆ, 30 ಡಿಗ್ರಿ ಏರಿದರೆ ಮೀಟರಿಗೆ ಸುಮಾರು 2 ಮಿಲಿಮೀಟರ್. ಪ್ಲೈವುಡ್ ಅಷ್ಟು ಹಿಗ್ಗಲ್ಲ. ರಾತ್ರಿ ಪಟ್ಟಿ ಮತ್ತೆ ಕುಗ್ಗುತ್ತದೆ. ದಿನಾ ಇದೇ ಎಳೆದಾಟ, ಜೊತೆಗೆ ರೋಡಿನ ಕುಲುಕಾಟ ಬೇರೆ.

ಹಾಗಾಗಿ ಫೆವಿಕ್ವಿಕ್ ಹಾಕಿ ಒತ್ತಿಬಿಡೋಣ ಅನ್ನಬೇಡಿ. ಅದು ಒಣಗಿದ ಮೇಲೆ ಗಡುಸಾಗುತ್ತದೆ, ಕುಲುಕಿದಾಗ ಬಿರುಕು ಬಿಡುತ್ತದೆ. ಇಲ್ಲಿ ಬೇಕಾದದ್ದು ಸ್ವಲ್ಪ ಬಾಗುವ ಅಂಟು. ಸನ್ಮೈಕಾ ಅಂಟಿಸಲು ಬಡಗಿಗಳು ಬಳಸುವ ರಬ್ಬರ್ ಜಾತಿಯ ಗಮ್ ಇದೆಯಲ್ಲ, ಫೆವಿಕಾಲ್ ಎಸ್‌ಆರ್ 998 ತರದ್ದು, ಅದು ಸರಿ. ಬಿಳಿ ಫೆವಿಕಾಲ್ ಮರಕ್ಕೆ ಮರ ಸೇರಿಸಲು ಚೆನ್ನ. ಪಿವಿಸಿ ಮೇಲೆ ಅದು ಕೂರುವುದಿಲ್ಲ.

[ಹೇರ್ ಡ್ರೈಯರ್, ಉಳಿ]

ಈಗ ಮುಖ್ಯ ಕೆಲಸ, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹಳೆ ಗಮ್ ತೆಗೆಯಬೇಕು. ಹೇರ್ ಡ್ರೈಯರಿನಿಂದ ಕಾಯಿಸಿ, ಮೆತ್ತಗಾದಾಗ ಉಳಿಯನ್ನು ಮಲಗಿಸಿ ಕೆರೆಯಿರಿ. ಪಟ್ಟಿಯ ಒಳಮೈಯಲ್ಲೂ ಅಷ್ಟೇ. ಆಮೇಲೆ ಎರಡನ್ನೂ 120 ನಂಬರ್ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ಧೂಳನ್ನು ಪೂರ್ತಿ ಒರೆಸಿ. ಧೂಳಿನ ಮೇಲೆ ಹಚ್ಚಿದ ಗಮ್ ಧೂಳಿಗೇ ಅಂಟುತ್ತದೆ, ಹಲಗೆಗಲ್ಲ.

ಹಚ್ಚುವ ಮುಂಚೆ ಗಾಡಿಯ ಬಾಗಿಲು, ಕಿಟಕಿ ಎಲ್ಲ ತೆಗೆಯಿರಿ. ಗ್ಯಾಸ್ ಒಲೆ ಬಂದ್ ಮಾಡಿ, ಗ್ಯಾಸಿನ ಫ್ರಿಜ್ ಇದ್ದರೆ ಅದನ್ನೂ ಆರಿಸಿ. ಈ ಗಮ್‌ನ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಸಣ್ಣ ಜಾಗದಲ್ಲಿ ತಲೆಯೂ ತಿರುಗುತ್ತದೆ. ಕಪಾಟಿನ ಬಾಗಿಲನ್ನೇ ಬಿಚ್ಚಿ ಹೊರಗೆ ನೆರಳಿಗೆ ತಂದು ಮಾಡಿದರೆ ಇನ್ನೂ ಒಳ್ಳೆಯದು.

ಎರಡೂ ಕಡೆ ತೆಳ್ಳಗೆ ಹಚ್ಚಿ, ಸುಮ್ನೆ ಬಿಡಿ. ಡಬ್ಬಿ ಮೇಲೆ ಎಷ್ಟು ನಿಮಿಷ ಅಂತ ಬರೆದಿರುತ್ತದೆ, ಆದರೆ ನಮ್ಮ ಬೇಸಿಗೆಯಲ್ಲಿ ಅದಕ್ಕಿಂತ ಬೇಗ ಒಣಗುತ್ತದೆ, ಅದಕ್ಕೇ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಬೆರಳಿನ ಹಿಂಬದಿ ತಾಗಿಸಿದಾಗ ಗಮ್ ಎದ್ದು ಬರಬಾರದು. ಆಗ ಒಂದು ತುದಿಯಿಂದ ಕೂರಿಸುತ್ತಾ ಹೋಗಿ, ಒಮ್ಮೆ ಕೂತರೆ ಸರಿಸಲು ಆಗಲ್ಲ. ಮರದ ತುಂಡಿಗೆ ಬಟ್ಟೆ ಸುತ್ತಿ ಉದ್ದಕ್ಕೂ ಗಟ್ಟಿಯಾಗಿ ಉಜ್ಜಿ ಒತ್ತಿ. ಈ ಅಂಟಿಗೆ ಹೊತ್ತಿಗಿಂತ ಒತ್ತಡ ಮುಖ್ಯ. ಮೂಲೆಯ ಮೇಲೆ ಮಾತ್ರ ಒಂದು ರಾತ್ರಿ ಮಾಸ್ಕಿಂಗ್ ಟೇಪ್ ಎಳೆದಿಡಿ.

[ಇನ್ನೊಂದು ಬಗೆಯ ಪಟ್ಟಿ, ಅಡ್ಡ ಸೀಳಿದ ನೋಟ]

ನಿಮ್ಮ ಪಟ್ಟಿಗೆ ಹಿಂದೆ ಹೀಗೆ ಬಾಲ ಇದ್ದು ಹಲಗೆಯ ಸೀಳಿನೊಳಗೆ ಕೂತಿದ್ದರೆ, ಅದು ಟಿ ಪಟ್ಟಿ. ಇದು ಹಿಡಿದಿರುವುದು ಬಾಲದ ಮೇಲಿನ ಮುಳ್ಳುಗಳಿಂದ. ಸೀಳು ಸಡಿಲವಾಗಿದ್ದರೆ ಬಾಲಕ್ಕೆ ಒಂದು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಲ್ಲಿ ಒಂದೊಂದು ಚುಕ್ಕಿ ಗಮ್ ಇಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ. ಉದ್ದಕ್ಕೂ ಗಮ್ ತುಂಬಬೇಡಿ, ಮುಂದೆ ಬದಲಾಯಿಸುವಾಗ ಹಲಗೆಯೇ ಕಿತ್ತು ಬರುತ್ತದೆ.

ಸಿಂಕ್ ಹತ್ತಿರದ ಬಾಗಿಲಾದರೆ ಮೊದಲು ಅಂಚನ್ನು ಮುಟ್ಟಿ ನೋಡಿ. ಪಾರ್ಟಿಕಲ್ ಬೋರ್ಡ್, ಅಂದ್ರೆ ಮರದ ಚೂರು ಒತ್ತಿ ಮಾಡಿದ ಹಲಗೆ, ನೀರು ಕುಡಿದು ಉಬ್ಬಿದ್ದರೆ ಅದರ ಮೇಲೆ ಯಾವ ಪಟ್ಟಿಯೂ ನಿಲ್ಲಲ್ಲ. ಆ ಬಾಗಿಲಿಗೆ ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈವುಡ್ ಹಾಕಿಸಿ. ರೇಟು ಜಾಸ್ತಿ, ನಿಜ. ಆದರೆ ನೀರಿನ ಪಕ್ಕ ಉಳಿತಾಯ ಮಾಡುವ ಜಾಗ ಅದಲ್ಲ.

ಕೊನೆಗೆ ಕಪಾಟಿನ ಬಾಗಿಲನ್ನು ಮುಚ್ಚಿ ಹಿಡಿಯುವ ಕ್ಯಾಚ್ ನೋಡಿ. ಗಾಡಿ ಓಡುವಾಗ ಬಾಗಿಲು ತೆರೆದು ಬಡಿಯುತ್ತಿದ್ದರೆ ಇದೇ ಮೂಲೆ ಮತ್ತೆ ಏಳುತ್ತದೆ, ಅದನ್ನು ಇವತ್ತೇ ಬಿಗಿ ಮಾಡಿ.