ಹೊಸ ಕಾನೂನು ಬಂತಂತೆ!

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಲೇ ತಲೆ ನರೆತವನು ನಾನು. ಸರ್ಕಾರ ತರುವ ಹೊಸ ಹೊಸ ಕಾನೂನುಗಳಿಗೆ ಜನ ಏನಂತಾರೆ, ಅದರ ಬಗ್ಗೆ ನಾಲ್ಕು ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಜನ ಏನಂತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಎರಡೇ ಮಾತು. 'ಸದ್ಯ, ಬಂತಲ್ಲ, ಬಚಾವಾದೆವು!' ಅಂತ ಒಂದು. 'ಅಯ್ಯೋ, ಬಂತಲ್ಲ, ಮುಗೀತು ನಮ್ಮ ಕತೆ!' ಅಂತ ಇನ್ನೊಂದು. ಹೀಗೆ ಹೇಳುವವರಲ್ಲಿ ಯಾರೂ ಕಾನೂನು ಓದಿರುವುದಿಲ್ಲ. ಅದಕ್ಕೇ ಇವತ್ತು ನಾನು ಹೇಳುವುದು ಇಷ್ಟೇ: ಓದಿ. ಕುಣಿಯುವ ಮೊದಲೂ ಓದಿ, ಬೈಯುವ ಮೊದಲೂ ಓದಿ.

ಮೊದಲು ಸಣ್ಣ ಉದಾಹರಣೆ ಕೊಡುತ್ತೇನೆ. ತಂಬಾಕು ಕಾನೂನಿಗೆ ನಮ್ಮ ರಾಜ್ಯ ತಂದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಬಿಡಿಯಾಗಿ ಒಂದೊಂದೇ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1,000 ಆಯಿತು. ಎನ್.ಆರ್. ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದಾಗ ಒಬ್ಬರು ಕೇಳಿದರು: 'ಅಲ್ಲ ಸಾರ್, ಒಂದು ಸೇದುತ್ತಿದ್ದವನು ಪೂರ್ತಿ ಪ್ಯಾಕು ತಗೊಂಡರೆ ಜಾಸ್ತಿ ಸೇದಲ್ವಾ?' ಎಲ್ಲರೂ ನಕ್ಕರು. ಆದರೆ ನೋಡಿ, ಅದು ನ್ಯಾಯವಾದ ಪ್ರಶ್ನೆ. ಕಾನೂನಿನಲ್ಲಿ ಏನಿದೆ ಅಂತ ತಿಳಿದುಕೊಂಡು ಎತ್ತಿದ ತಕರಾರು. ಇಂಥ ತಕರಾರು ಎಷ್ಟು ಬೇಕಾದರೂ ಮಾಡಿ, ನನಗೆ ಖುಷಿ.

ಇನ್ನೊಂದು ನೋಡಿ. 2024ರ ಜುಲೈನಲ್ಲಿ ಕನ್ನಡಿಗರಿಗೆ ಖಾಸಗಿ ಕೆಲಸದಲ್ಲಿ ಮೀಸಲಾತಿ ಅಂತ ಸುದ್ದಿ ಬಂತು. ಮ್ಯಾನೇಜರ್ ಮಟ್ಟದ ಕೆಲಸದಲ್ಲಿ ಶೇಕಡ 50, ಉಳಿದದ್ದರಲ್ಲಿ ಶೇಕಡ 70. ಸಚಿವ ಸಂಪುಟ ಒಪ್ಪಿದ್ದ ಮಸೂದೆ ಅದು, ಅಷ್ಟೇ. ಇನ್ನೂ ಸದನದ ಬಾಗಿಲು ಕೂಡ ನೋಡಿರಲಿಲ್ಲ. ಅಷ್ಟಕ್ಕೇ ಬೆಂಗಳೂರಿನ ಉದ್ಯಮಿಗಳು ಹೌಹಾರಿದರು. ಇಲ್ಲಿ ನಮ್ಮ ಕೈಗಾರಿಕಾ ಪ್ರದೇಶದ ಕಡೆ ಹುಡುಗರು ಸಿಹಿ ಹಂಚಿದರು. ಒಬ್ಬ ತಂದೆ ಮಗನ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು, 'ಅರ್ಜಿ ಎಲ್ಲಿ ಹಾಕೋದು ಸಾರ್' ಅಂತ! ಜುಲೈ 17ಕ್ಕೆ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಮಸೂದೆ ಬೇರೆ ಸ್ವಾಮಿ, ಕಾಯ್ದೆ ಬೇರೆ. ಎರಡೂ ಸದನ ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬುದ್ಧಿ ನಮಗೆ ಯಾವಾಗ ಹೋಗುತ್ತೋ!

ಈಗ ಸಾಲದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಯಲ್ಲಿ ಸಂಘದ ಸಾಲ ಇರುವ ಹೆಣ್ಣುಮಕ್ಕಳು ರೇಡಿಯೋ ಸೌಂಡು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದರ ಜೊತೆಗೆ ಇನ್ನೊಂದು ಮಾತಿತ್ತು. ಲೈಸೆನ್ಸೂ ಇಲ್ಲದೆ, ನೋಂದಣಿಯೂ ಇಲ್ಲದೆ ಬಡವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆಯೇ ಲೆಕ್ಕ. ಅಷ್ಟೇ ಸಾಕಾಯಿತು. ಮೊಬೈಲಿನಲ್ಲಿ 'ಸಂಘದ ಸಾಲ ಮನ್ನಾ' ಅಂತ ಓಡಾಡಿತು.

ಕೆಲವು ವಾರದಲ್ಲಿ ಆಲೂರು ಕಡೆಯ ಒಂದು ಹಳ್ಳಿಯಿಂದ ಇಬ್ಬರು ಹೆಂಗಸರು ಬಂದರು. ಒಂದೇ ಬೀದಿಯವರು. ಮೊದಲನೆಯಾಕೆ ಧೈರ್ಯವಾಗಿ ಕೂತಳು. ಮೂರು ವಾರದಿಂದ ಕಂತು ಕಟ್ಟಿಲ್ಲ, ಕಟ್ಟುವುದೂ ಇಲ್ಲ, 'ಕಾನೂನು ಬಂದಿದೆಯಲ್ಲ ಸಾರ್' ಅಂದಳು. ನಾನು ಕಂತಿನ ಪುಸ್ತಕ ಕೇಳಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದಳು, ಪ್ರತಿ ವಾರದ ಸಹಿ ಸಾಲಾಗಿ ಇದೆ. ಹಿಂದಿನ ರಟ್ಟಿನ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ರಿಸರ್ವ್ ಬ್ಯಾಂಕಿನ ನೋಂದಣಿ ಸಂಖ್ಯೆ ಅಚ್ಚಾಗಿತ್ತು. ಕನ್ನಡಕ ಹಾಕಿಕೊಂಡು ಅವಳಿಗೂ ತೋರಿಸಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕಿಗೂ ಹಣಕಾಸು ಕಂಪನಿಗೂ ಈ ಕಾನೂನು ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಸಾಲ ಮನ್ನಾ ಆಗಿಲ್ಲ ತಾಯಿ ಅಂದೆ. ಮುಖ ಸಣ್ಣದಾಯಿತು. ಇವಳು ಕಟ್ಟದೆ ಇದ್ದದ್ದಕ್ಕೆ ಗುಂಪಿನ ಉಳಿದವರು ಕೈಯಿಂದ ಹಾಕಿ ಕಟ್ಟಿದ್ದರು, ಬೀದಿಯಲ್ಲಿ ಜಗಳವೂ ಆಗಿತ್ತು. ಹಾಗಂತ ಅವಳಿಗೆ ಯಾವ ರಕ್ಷಣೆಯೂ ಇಲ್ಲ ಅಂತಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ಮೇಲೆ ಇಂಥ ಸಾಲದವರಿಗೆ ಫೋನು ಮಾಡಿ ಪೀಡಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಎರಡನೆಯಾಕೆ ಮಾತೇ ಆಡಿರಲಿಲ್ಲ. ಜೊತೆಗೆ ಬಂದವಳು, ಅಷ್ಟೇ ಅಂದುಕೊಂಡಿದ್ದೆ. 'ನಿಂದೇನಮ್ಮ?' ಅಂದೆ. ಪೇಟೆಯ ಒಂದು ಫೈನಾನ್ಸಿನಲ್ಲಿ ಸಾಲ ಮಾಡಿದ್ದಾಳೆ. ರಸೀದಿ ಇಲ್ಲ, ಪುಸ್ತಕ ಇಲ್ಲ. ರೇಷನ್ ಕಾರ್ಡು ಅವರ ಹತ್ತಿರ ಇದೆ. ತಿಂಗಳು ತಿಂಗಳು ಅಕ್ಕಿ ತರುವ ದಿನ ಅವರ ಅಂಗಡಿಗೆ ಹೋಗಿ ಕಾರ್ಡು ಬೇಡಿ ತಂದು, ಸಂಜೆಗೆ ವಾಪಸ್ ಕೊಡಬೇಕು! ಕೂಲಿ ದುಡ್ಡಿನಲ್ಲಿ ಒಂದು ವಾರವೂ ತಪ್ಪಿಸದೆ ಬಡ್ಡಿ ಕಟ್ಟುತ್ತಿದ್ದಾಳೆ. 'ಕಾನೂನು ಬಂದಿದ್ದು ಸಂಘದವರಿಗೆ ಅಂತೆ ಸಾರ್, ನಮಗಲ್ಲವಂತೆ' ಅಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಯಾರಿಗಾಗಿ ಕಾನೂನು ಮಾಡಿದರೋ ಆಕೆ ತೆಪ್ಪಗೆ ಕಟ್ಟುತ್ತಿದ್ದಾಳೆ, ಯಾರಿಗೆ ಅನ್ವಯಿಸುವುದಿಲ್ಲವೋ ಆಕೆ ನಿಲ್ಲಿಸಿ ಕೂತಿದ್ದಾಳೆ. ಸರ್ಕಾರಿ ಸೌಲಭ್ಯದ ದಾಖಲೆ ಕಿತ್ತಿಟ್ಟುಕೊಳ್ಳುವುದು ಈ ಕಾನೂನಿನ ಪ್ರಕಾರ ಬಲವಂತವೇ, ಅಪರಾಧವೇ. ದೂರು ತಗೊಳ್ಳಲ್ಲ ಅಂತ ಪೊಲೀಸರು ಅನ್ನುವಂತಿಲ್ಲ. ಅಲ್ಲೇ ಕೂತು ಒಂದು ಅರ್ಜಿ ಬರೆದೆವು. ಜಿಲ್ಲಾಧಿಕಾರಿಗೊಂದು ಪ್ರತಿ, ಠಾಣೆಗೊಂದು ಪ್ರತಿ. ಫೈನಾನ್ಸಿನವರಿಗೆ ಸುದ್ದಿ ಮುಟ್ಟಿದ್ದೇ ತಡ, ರೇಷನ್ ಕಾರ್ಡು ತಾನಾಗಿಯೇ ಅವಳ ಮನೆ ಜಗಲಿಗೆ ಬಂತು.

ಇದು ಹೊಸದೇನಲ್ಲ. 2019ರ ಜುಲೈನಲ್ಲಿ ಋಣ ಪರಿಹಾರ ಕಾಯ್ದೆ ಬಂದಾಗಲೂ ಇದೇ ಆಯಿತು. ಕುಮಾರಸ್ವಾಮಿಯವರ ಸರ್ಕಾರ ಬಿದ್ದ ಮರುದಿನ ಅವರೇ ಪ್ರಕಟಿಸಿದ್ದು, ನಮ್ಮ ಜಿಲ್ಲೆಯವರಿಗೆ ಮರೆಯುವ ವಿಷಯವಲ್ಲ ಬಿಡಿ. ಸಣ್ಣ ರೈತರಿಗೆ, ಭೂಮಿ ಇಲ್ಲದ ಕೂಲಿಯವರಿಗೆ ಖಾಸಗಿ ಲೇವಾದೇವಿ ಸಾಲದಿಂದ ಬಿಡುಗಡೆ; 90 ದಿನದೊಳಗೆ ಅರ್ಜಿ ಹಾಕಬೇಕು. ಜನ ಬ್ಯಾಂಕಿನ ಪಾಸ್‌ಬುಕ್ಕು, ಸೊಸೈಟಿ ಪಾಸ್‌ಬುಕ್ಕು ಹಿಡಿದು ಎ.ಸಿ. ಆಫೀಸಿನ ಮುಂದೆ ನಿಂತರು. ಓದಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಗಾಜಿನ ಆಚೆ ಕೂತವರು ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಮೌಢ್ಯ ತಡೆಯುವ ಕಾಯ್ದೆ ಬಗ್ಗೆ ಬೇಕಾದಷ್ಟು ಹೇಳಬೇಕು ಅಂತಿದ್ದೆ, ಆಗಲ್ಲ. 2017ರಲ್ಲಿ ಸದನದಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಇನ್ನು ಪೂಜೆ ಮಾಡುವಂತಿಲ್ಲ, ಜಾತಕ ತೋರಿಸುವಂತಿಲ್ಲ ಅಂತ ಊರೆಲ್ಲ ಗುಲ್ಲು. ಸುಮ್ನೆ ಗುಲ್ಲು. ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆ, ಜ್ಯೋತಿಷ್ಯ, ವಾಸ್ತು ಎಲ್ಲವನ್ನೂ ಅದರಲ್ಲಿ ಬಿಟ್ಟಿದ್ದಾರೆ. ಆದರೆ ಸಕಲೇಶಪುರ, ಬೇಲೂರು ಕಡೆ ತೋಟದಲ್ಲಿ ಕೆಲಸ ಮಾಡುವವರಿಗೆ ಬೇಕಾದ ಮಾತೊಂದಿದೆ, ಅದನ್ನು ಯಾರೂ ಹೇಳಲೇ ಇಲ್ಲ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕಿಸಿದರೆ ಅಪರಾಧ. 1ರಿಂದ 7 ವರ್ಷ ಜೈಲು. ಮೊದಲು ಆಸ್ಪತ್ರೆಗೆ ಓಡಿ.

ಎಲ್ಲಿ ಓದೋದು ಅಂತೀರಾ? ರಾಜ್ಯದ ಕಾಯ್ದೆಗಳು ಕನ್ನಡದಲ್ಲೂ ಸಿಗುತ್ತವೆ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ಫಾರ್ವರ್ಡ್ ಕಳಿಸುವ ಅದೇ ಮೊಬೈಲಿನಲ್ಲಿ ತೆರೆಯುತ್ತದೆ. ಓದಲು ಬಾರದವರು ಮಕ್ಕಳ ಕೈಯಲ್ಲಿ ಓದಿಸಿ. ಅರ್ಥ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರ ಖರ್ಚೂ ಇಲ್ಲ. ಫೋನಾದರೆ 15100. ಹೋಗುವಾಗ ಕಂತಿನ ಪುಸ್ತಕ ತಗೊಂಡು ಹೋಗಿ, ಹಿಂದಿನ ರಟ್ಟು ಹರಿಯದ ಹಾಗೆ ನೋಡಿಕೊಳ್ಳಿ. ನಮಸ್ಕಾರ.