ಜೋಳ ಹಸನು ಮಾಡಿದ ಹಾಗೆ ಪೆಲೆಟ್ ಆರಿಸುವುದು

ಈಗ ಕಾಣುತ್ತಿರುವುದು ಒಂದು ಹಳೇ ಸ್ಟೀಲ್ ತಾಟು. ಅದರಲ್ಲಿ ಹರಡಿರುವುದು ನನ್ನ ಏರ್ ರೈಫಲ್‌ನ ಪೆಲೆಟ್‌ಗಳು, ಅಂದರೆ ಪುಟ್ಟ ಗುಂಡುಗಳು. ಒಂದು ಡಬ್ಬಿಯಲ್ಲಿ 500 ಬರುತ್ತವೆ. ಬೆಳಿಗ್ಗೆಯಿಂದ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಅವ್ವ ಬಾಗಿಲಲ್ಲಿ ನಿಂತು, "ಜ್ವಾಳ ಹಸನ ಮಾಡಿದಂಗ ಮಾಡಾಕತ್ತಿಯಲ್ಲವಾ" ಅಂದಳು. ಕೆಲಸ ಹಾಗೇ ಇದೆ. ಆದರೆ ಈ ತಾಟು ಇನ್ನು ಅಡುಗೆಮನೆಗೆ ಹೋಗುವುದಿಲ್ಲ. ಪೆಲೆಟ್ ಅಂದರೆ ಸೀಸ. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೆ ನಾನು ನೀರಿನ ತಂಬಿಗೆಯನ್ನೂ ಮುಟ್ಟುವುದಿಲ್ಲ.

ಪಕ್ಕದ ಮನೆಯ ಹುಡುಗ ನಿನ್ನೆ ಕೇಳಿದ: "ಅಕ್ಕಾ, ಖಾಲಿ ಕಾಡತೂಸಿಗೆ ಮತ್ತ ಮದ್ದು ತುಂಬತಾರಂತಲ್ಲ, ನೀನೂ ತುಂಬತೀ ಏನು?" ಇಲ್ಲ ತಮ್ಮಾ. ನನ್ನ ರೈಫಲ್‌ನಲ್ಲಿ ಮದ್ದೇ ಇಲ್ಲ. ಸಿಲಿಂಡರ್‌ನಲ್ಲಿ ಒತ್ತಿ ತುಂಬಿದ ಗಾಳಿಯೇ ಪೆಲೆಟ್ ನೂಕುತ್ತದೆ. ಕೆಲವು ದೇಶಗಳಲ್ಲಿ ದೊಡ್ಡ ರೈಫಲ್ ಇರುವವರು ಹಾಗೆ ತುಂಬಿಕೊಳ್ಳುವುದು ನಿಜ. ತಮ್ಮ ನಳಿಗೆಗೆ ಸರಿಹೊಂದುವ ಗುಂಡು ಬೇಕು ಅಂತ ಅಷ್ಟು ಕಷ್ಟಪಡುತ್ತಾರೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್‌ನಲ್ಲಿ ಅದಕ್ಕೂ ದಾರಿಯಿಲ್ಲ. ಅಲ್ಲಿ ಬಳಸುವ .22 ಕಾಡತೂಸಿನ ಅಂಚಿನೊಳಗೇ ಕಿಡಿ ಹೊತ್ತಿಸುವ ಮದ್ದು ಇರುತ್ತದೆ. ಹೊಡೆದಾಗ ಅಂಚು ಜಜ್ಜಿ ಹೋದರೆ ಮುಗಿಯಿತು, ಮತ್ತೆ ತುಂಬಲು ಬರುವುದಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದದ್ದು ಇದೇ ಆಟದಲ್ಲಿ. ಅವರಿಗಾದರೂ ನನಗಾದರೂ ಗುಂಡು ಕಾರ್ಖಾನೆಯಿಂದ ಬಂದದ್ದೇ. ನಾವು ಮಾಡಬಹುದಾದದ್ದು ಆರಿಸುವುದೊಂದೇ.

ಪೆಲೆಟ್ ಹತ್ತಿರದಿಂದ ನೋಡಿ. ತಲೆ ಚಪ್ಪಟೆ, ಕಾಗದದಲ್ಲಿ ದುಂಡಗೆ ತೂತು ಕೊರೆಯಲಿ ಅಂತ. ನಡು ಸಣ್ಣ. ಕೆಳಗೆ ಲಂಗದ ಹಾಗೆ ಅಗಲ, ಒಳಗೆ ಟೊಳ್ಳು. ಹಿಂದಿನಿಂದ ಗಾಳಿ ಬಡಿದಾಗ ಈ ಲಂಗ ಅರಳಿ ನಳಿಗೆಯ ಒಳಗೋಡೆಗೆ ಒತ್ತಿಕೊಳ್ಳುತ್ತದೆ. ನಳಿಗೆಯೊಳಗಿನ ತಿರುವು ಗೆರೆಗಳು ಅದನ್ನು ಹಿಡಿದು ಬುಗುರಿಯಂತೆ ತಿರುಗಿಸುತ್ತವೆ. ಈಗ ಇದನ್ನು ನೋಡಿ. ಅಂಚಿನಲ್ಲಿ ಉಗುರು ತಾಗಿದಷ್ಟು ನೆಗ್ಗು. ಅಷ್ಟು ಸಾಕು, ಗಾಳಿ ಒಂದು ಕಡೆ ಸೋರಿ ಪೆಲೆಟ್ ಹೊರಬೀಳುವಾಗಲೇ ಸ್ವಲ್ಪ ವಾಲುತ್ತದೆ. ಇದು ಪಕ್ಕಕ್ಕೆ.

ಸುಮ್ನೆ ಹಠ ಅನ್ನಿಸಬಹುದು. ಆದರೆ ಗುರಿಯ ಅಳತೆ ಕೇಳಿ. 10 ಮೀಟರ್ ದೂರದಲ್ಲಿ, ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. ನನ್ನ ಪೆಲೆಟ್ 4.5 ಮಿಲಿಮೀಟರ್. ಗುಂಡಿಗಿಂತ ಗುರಿಯೇ ಚಿಕ್ಕದು! ದಶಮಾಂಶದಲ್ಲಿ ಎಣಿಸುವಾಗ ನಡುಮಧ್ಯೆ ಬಿದ್ದರೆ 10.9 ಅಂಕ. ಸ್ಪರ್ಧೆಯಲ್ಲಿ ಇಂಥ 60 ಹೊಡೆತ ಹೊಡೆಯಬೇಕು.

ಕಳೆದ ವರ್ಷ ನಾನು ಡಿಜಿಟಲ್ ತಕ್ಕಡಿ ತಂದು 500 ಪೆಲೆಟ್‌ಗಳನ್ನೂ ತೂಗಿದ್ದೆ. ಒಂದೊಂದು ಸುಮಾರು ಅರ್ಧ ಗ್ರಾಂ. ಮೂರು ಸಂಜೆ ಹೋದವು. ಒಳ್ಳೇ ಡಬ್ಬಿಯಲ್ಲಿ ತೂಕದ ವ್ಯತ್ಯಾಸ ತೀರಾ ಕಡಿಮೆ, ಗುರಿಯ ಮೇಲೆ ನನಗೆ ಅದು ಕಾಣಲೇ ಇಲ್ಲ. ಕಣ್ಣಲ್ಲಿ ನೋಡಿ ನೆಗ್ಗಿದ್ದು ತೆಗೆಯುವುದು, ಆಮೇಲೆ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ಹೊಡೆದು ನೋಡುವುದು. ಲಾಭ ಇರುವುದು ಇವೆರಡರಲ್ಲೇ.

ಹೊಡೆದು ನೋಡಲು ತಿಕೋಟಾ ಕಡೆ ಕಾಕಾ ಅವರ ಹಳೇ ಗೋದಾಮಿಗೆ ಬಂದಿದ್ದೇನೆ. ಈಗ ಇಲ್ಲಿ ದ್ರಾಕ್ಷಿ ಇಡುವುದಿಲ್ಲ, ಖಾಲಿ ಕ್ರೇಟ್ ಅಷ್ಟೇ. ಆಚೆ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಒಣದ್ರಾಕ್ಷಿ ಆರಿಸುತ್ತಿದ್ದಾರೆ. ಅವರ ಬೆರಳುಗಳ ಚುರುಕು ನೋಡಿ! ಬಣ್ಣ, ಗಾತ್ರ, ಕಡ್ಡಿ, ಎಲ್ಲ ಒಂದೇ ನೋಟಕ್ಕೆ ಬೇರೆಯಾಗುತ್ತದೆ. ನನಗೆ ಅಷ್ಟು ಪಳಗಲು ಇನ್ನೂ ವರ್ಷಗಳು ಬೇಕು.

ಲೇತ್ ಅಂಗಡಿಯಿಂದ ತಂದ ವೈಸ್‌ಗೆ ರಬ್ಬರ್ ಸುತ್ತಿ ರೈಫಲ್ ಬಿಗಿದಿದ್ದೇನೆ. ಕೈ ನಡುಕದ ಲೆಕ್ಕ ಹೋಗಬೇಕು, ಪೆಲೆಟ್‌ನ ಗುಣ ಮಾತ್ರ ಉಳಿಯಬೇಕು. ಗುರಿಯ ಹಿಂದೆ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಕಲ್ಲಿನ ಗೋಡೆ, ಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮೂರಲ್ಲಿ ಸಿಕ್ಕ ಮೂರು ಡಬ್ಬಿ ಇವು. ತಲೆಯ ಅಳತೆ ಒಂದರದ್ದು 4.49, ಒಂದರದ್ದು 4.50, ಇನ್ನೊಂದರದ್ದು 4.51. ತಲಾ ಹತ್ತು ಹೊಡೆತ.

ಶಾಲೆಯಲ್ಲಿದ್ದಾಗ ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ನೋಡಿ ಬೆರಗಾಗಿದ್ದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದು ಇಲ್ಲಿಗೆ ತಂದದ್ದು, 55 ಟನ್ ತೂಕ. ಅದರ ಬಾಯಿ ಸುಮಾರು 70 ಸೆಂಟಿಮೀಟರ್, ನನ್ನದು 4.5 ಮಿಲಿಮೀಟರ್. ಆದರೂ ಬಾಯಿಗೆ ತಕ್ಕ ಗುಂಡು ಬೇಕು ಅನ್ನುವುದು ಎರಡಕ್ಕೂ ಒಂದೇ, ಅಲ್ವಾ?

ಫಲ ಇಲ್ಲಿದೆ. ಎಲ್ಲಕ್ಕಿಂತ ದುಬಾರಿ ಡಬ್ಬಿಯ ಹತ್ತು ತೂತು ಸೇರಿ ಹರಿದ ಜಾಗ 8 ಮಿಲಿಮೀಟರ್ ಅಗಲ. ಅಗ್ಗದ 4.50 ಡಬ್ಬಿಯದ್ದು 6. ಮತ್ತೆ ಹೊಡೆದೆ, ಮತ್ತೆ 6. ಹತ್ತು ಪೆಲೆಟ್ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗಿವೆ. ನಿಮ್ಮ ರೈಫಲ್‌ಗೆ ಇದೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಒಂದೇ ಕಂಪನಿಯ ಎರಡು ನಳಿಗೆಗಳಿಗೂ ರುಚಿ ಬೇರೆ ಇರುತ್ತದೆ.

ಇನ್ನೊಂದು ಮುಖ್ಯ ಮಾತು. ಡಬ್ಬಿಯ ಮೇಲೆ ಲಾಟ್ ನಂಬರ್ ಇರುತ್ತದೆ, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನ ಗುರುತು. ಹೆಸರು, ಅಳತೆ ಒಂದೇ ಇದ್ದರೂ ಲಾಟ್ ಬದಲಾದರೆ ಪೆಲೆಟ್ ಬೇರೆ ಥರ ಹೋಗಬಹುದು. ಅದಕ್ಕೇ ಗೋದಾಮಿನಿಂದಲೇ ಅಂಗಡಿಗೆ ಫೋನ್ ಮಾಡಿದೆ. "ಅಣ್ಣಾರ, ನಂಬರ್ ಒಂದೀಟ ಓದ್ರಿ" ಅಂದೆ. ಅವರು ಡಬ್ಬಿ ತಿರುಗಿಸಿ, ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಓದಿದರು. ನನ್ನ ಕೈಯಲ್ಲಿದ್ದ ಡಬ್ಬಿಯದ್ದೇ ಅಂಕಿಗಳು. ಮೂರು ಉಳಿದಿವೆಯಂತೆ. ಮೂರನ್ನೂ ತೆಗೆದಿಡಲು ಹೇಳಿದ್ದೇನೆ.